ಉತ್ತರ ಕೊಡದ ಸರ್ವರ್‌ಗೂ ಹಸಿರು ಬಣ್ಣ

"ಗ್ರಾಫ್ ನೋಡಮ್ಮಾ, ಎಲ್ಲಾ ಹಸಿರಿದೆ. ನಿನ್ನ ಕಡೆ ನೆಟ್ ಸ್ಲೋ ಇರ್ಬೇಕು."

ನಮ್ಮ ಸರ್ವರ್‌ಗಳ ಆರೋಗ್ಯ ತೋರಿಸುವ ಗ್ರಾಫ್ ಬಗ್ಗೆ ಮಂಗಳವಾರ ರಾತ್ರಿ ಕಾಲ್‌ನಲ್ಲಿ ನಮ್ಮ ಮ್ಯಾನೇಜರ್ ಹೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ನೈಟ್ ಶಿಫ್ಟ್‌ನ ಹುಡುಗಿ ಅದಕ್ಕೆ ಮೊದಲು ಹೇಳಿದ್ದು ತುಂಬಾ ಸ್ಪಷ್ಟವಾಗಿತ್ತು. "ಸಾರ್, ಕೆಲವು ಸರ್ವರ್‌ಗೆ ಲಾಗಿನ್ ಆಗ್ತಿದೆ. ಆದ್ರೆ ಡಿಎಫ್ ಕಮಾಂಡ್ ಕೊಟ್ರೆ ಅಲ್ಲೇ ನಿಂತುಬಿಡುತ್ತೆ. ಲೋಡ್ 40 ದಾಟಿದೆ, ಸಿಪಿಯು ನೋಡಿದ್ರೆ ಖಾಲಿ."

ಇದಕ್ಕಿಂತ ಒಳ್ಳೆಯ ಸುಳಿವು ಯಾರು ಕೊಡುತ್ತಾರೆ? ಡಿಎಫ್ ಅಂದರೆ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಕಮಾಂಡ್. ನಮ್ಮ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಲೋಡ್ ಅಂದರೆ ಬರೀ ಸಿಪಿಯು ಕೆಲಸ ಅಲ್ಲ. ಡಿಸ್ಕ್‌ಗಾಗಿ ಅಲ್ಲಾಡದೆ ಕಾಯುತ್ತಾ ಕೂತ ಪ್ರೋಗ್ರಾಂಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1993ರಿಂದಲೂ ಹಾಗೇ ಇದೆ. ಸಿಪಿಯು ಖಾಲಿ, ಲೋಡ್ ಜಾಸ್ತಿ ಅಂದರೆ ಸಾಮಾನ್ಯವಾಗಿ ಎಲ್ಲರೂ ಸ್ಟೋರೇಜ್‌ಗಾಗಿ ಕಾಯುತ್ತಿದ್ದಾರೆ ಅಂತ ಅರ್ಥ. ಅವಳು ಕಾಯಿಲೆಯ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದಳು. ಅದಕ್ಕೆ ಸಿಕ್ಕ ಉತ್ತರ, ಗ್ರಾಫ್ ನೋಡಮ್ಮಾ.

ಮರುದಿನ ನಾನು ಸರ್ವರ್‌ಗಿಂತ ಮೊದಲು ಗ್ರಾಫನ್ನೇ ನೋಡಿದೆ. ಅದು ಯಾಕೆ ಹಸಿರಿತ್ತು?

ನಮ್ಮಲ್ಲಿ ನೂರಾರು ಸರ್ವರ್ ಇವೆ. ಅವುಗಳ ಮೇಲೆ ಕಣ್ಣಿಡುವ ಪ್ರೊಮಿಥಿಯಸ್ ಅನ್ನುವ ಸಾಫ್ಟ್‌ವೇರ್ ಪ್ರತಿ ನಿಮಿಷಕ್ಕೊಮ್ಮೆ ಪ್ರತಿಯೊಂದನ್ನೂ "ಹೇಗಿದ್ದೀಯ" ಅಂತ ಕೇಳುತ್ತದೆ. 10 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಕೈಬಿಟ್ಟು ಮುಂದೆ ಹೋಗುತ್ತದೆ. ಸರ್ವರ್ ಕಡೆ ಉತ್ತರ ಕೊಡುವ ಪ್ರೋಗ್ರಾಂ ಮೊದಲು ಡಿಸ್ಕ್‌ಗಳು ಎಷ್ಟು ತುಂಬಿವೆ ಅಂತ ನೋಡಬೇಕು. ಅದರಲ್ಲಿ ಎನ್‌ಎಫ್‌ಎಸ್ (ಬೇರೆ ಯಂತ್ರದ ಡಿಸ್ಕನ್ನು ನೆಟ್‌ವರ್ಕ್‌ನಲ್ಲಿ ಬಳಸುವ ವ್ಯವಸ್ಥೆ) ಮೂಲಕ ಬಂದ ಹಂಚಿಕೆಯ ಡಿಸ್ಕೂ ಇದೆ. ಎನ್‌ಎಫ್‌ಎಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಡಿಸ್ಕ್ ಇರುವ ಸ್ಟೋರೇಜ್ ಯಂತ್ರ ಮಾತಾಡದಿದ್ದರೆ ಕೇಳಿದವನು ಕಾಯುತ್ತಲೇ ಇರುತ್ತಾನೆ. ಅಂದರೆ ಸರ್ವರ್ ತೊಂದರೆಗೆ ಸಿಕ್ಕ ಹೊತ್ತಿಗೇ ಅದರ ಅಳತೆಯೂ ನಿಂತುಹೋಗುತ್ತದೆ.

ನಿಂತರೆ ಅಲಾರಂ ಹೊಡೆಯಬೇಕು, ಅಲ್ವಾ? ಹೊಡೆಯಲಿಲ್ಲ. "ಸಿಪಿಯು ಶೇ 90 ದಾಟಿದರೆ ಕೂಗು" ಅನ್ನುವ ನಿಯಮಕ್ಕೆ ಸಂಖ್ಯೆಯೇ ಸಿಗದಿದ್ದರೆ ಅದು ಸುಮ್ಮನಿರುತ್ತದೆ. ಉತ್ತರ ಬರದಿದ್ದರೆ ಕೂಗಲು ಬೇರೆ ನಿಯಮವೇನೋ ಇತ್ತು. ಆದರೆ ಅದಕ್ಕೆ ಸತತ 15 ನಿಮಿಷ ಮೌನ ಬೇಕಿತ್ತು. ನಡುವೆ ಒಂದು ಸಲ ಉತ್ತರ ಬಂದರೂ ಲೆಕ್ಕ ಮತ್ತೆ ಮೊದಲಿನಿಂದ. ಈ ಸರ್ವರ್‌ಗಳು ಆಗೊಮ್ಮೆ ಈಗೊಮ್ಮೆ ಉತ್ತರ ಕೊಡುತ್ತಿದ್ದವು. ಇನ್ನು ಗ್ರಾಫ್ ಬಿಡಿಸುವ ಸಾಫ್ಟ್‌ವೇರ್ ಗ್ರಫಾನಾದಲ್ಲಿ ಯಾರೋ ಖಾಲಿ ಜಾಗಗಳನ್ನು ಗೆರೆ ಎಳೆದು ಸೇರಿಸುವ ಸೆಟ್ಟಿಂಗ್ ಹಾಕಿಟ್ಟಿದ್ದರು. ಹಾಜರಿ ಕೂಗಿದಾಗ ಉಸಿರೆತ್ತದ ಹುಡುಗನ ಹೆಸರಿನ ಮುಂದೆ 'ಬಂದಿದ್ದಾನೆ' ಅಂತ ಬರೆದ ಹಾಗಾಯಿತು.

ಹದಿನೈದು ನಿಮಿಷದ ನಿಯಮಕ್ಕೆ ಕಾರಣ ಇದೆ. ಸಣ್ಣಪುಟ್ಟದ್ದಕ್ಕೆಲ್ಲ ರಾತ್ರಿ ಫೋನ್ ಹೊಡೆದರೆ ಜನ ಫೋನ್ ನೋಡುವುದನ್ನೇ ಬಿಡುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಖಾಲಿ ಜಾಗ ಮುಚ್ಚುವ ಗೆರೆಯನ್ನು ನಾನು ಒಪ್ಪುವುದಿಲ್ಲ. ಅದು ಗೋಡೆಯ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಮಾಡಿದ್ದು. ಗೊತ್ತಿಲ್ಲ ಅನ್ನಬೇಕಾದ ಕಡೆ ಗೊತ್ತು ಅನ್ನುವ ಚಿತ್ರ ಅದು.

ಸ್ಟೋರೇಜ್ ತಂಡದವರು ತಮ್ಮ ಕಡೆ ಎಲ್ಲ ಸರಿ ಅಂದರು. ನೆಟ್‌ವರ್ಕ್ ತಂಡದವರು ಪಿಂಗ್ (ದಾರಿ ಸರಿಯಿದೆಯಾ ಅಂತ ನೋಡುವ ಪರೀಕ್ಷಾ ಸಂದೇಶ) ಹೋಗುತ್ತಿದೆ ಅಂದರು. ಹೋಗುತ್ತಿತ್ತು, ನಿಜ. ತೊಂದರೆ ಇದ್ದ ಸರ್ವರ್‌ನಿಂದ ಸ್ಟೋರೇಜ್‌ಗೆ 1400 ಬೈಟ್‌ನ ದೊಡ್ಡ ಪಿಂಗ್ ಕಳಿಸಿದಾಗ ಬಣ್ಣ ಬಯಲಾಯಿತು. ಚಿಕ್ಕವು ದಾಟುತ್ತಿದ್ದವು, ದೊಡ್ಡವು ಬೀಳುತ್ತಿದ್ದವು. ಸ್ಟೋರೇಜ್‌ನಿಂದ ನೆಟ್‌ವರ್ಕ್ ಜೋಡಿಸುವ ಸ್ವಿಚ್‌ಗೆ ಎರಡು ಫೈಬರ್ ಕೇಬಲ್ ಜೋಡಿಸಿ ಒಂದೇ ದಾರಿ ಮಾಡಿದ್ದಾರೆ. ಯಾವ ಸರ್ವರ್‌ನ ಉತ್ತರ ಯಾವ ಕೇಬಲ್‌ನಲ್ಲಿ ಹೋಗಬೇಕು ಅನ್ನುವುದು ವಿಳಾಸ ನೋಡಿ ತೀರ್ಮಾನವಾಗುತ್ತದೆ. ಒಂದು ಕೇಬಲ್ ಹಾಳಾಗಿತ್ತು, ಆದರೆ ಪೂರ್ತಿ ಸತ್ತಿರಲಿಲ್ಲ. ಲೈಟ್ ಉರಿಯುತ್ತಿತ್ತು. ಅದಕ್ಕೇ ಆ ಕೇಬಲ್ ಪಾಲಿಗೆ ಬಂದ ಸರ್ವರ್‌ಗಳು ನರಳಿದವು, ಪಕ್ಕದವು ಆರಾಮಾಗಿದ್ದವು. ಸ್ವಿಚ್ ಪೋರ್ಟ್‌ನಲ್ಲಿ ಸಿಆರ್‌ಸಿ ದೋಷದ, ಅಂದರೆ ದಾರಿಯಲ್ಲಿ ಕೆಟ್ಟುಹೋದ ಡೇಟಾದ, ಲೆಕ್ಕ ನೋಡನೋಡುತ್ತಲೇ ಏರುತ್ತಿತ್ತು. ಆ ಪೋರ್ಟ್‌ನ ಟ್ರಾಫಿಕ್‌ಗೆ ಗ್ರಾಫ್ ಇತ್ತು. ದೋಷಕ್ಕೆ ಇರಲಿಲ್ಲ. ಕೇಬಲ್ ಬದಲಾಯಿಸಿದ ಮೇಲೆ ಎಲ್ಲ ಸರಿಹೋಯಿತು.

ಕೇಬಲ್ ಹಾಳಾಗುವುದು ದೊಡ್ಡ ವಿಷಯ ಅಲ್ಲ. ನನ್ನನ್ನು ಕಾಡುವುದು ಆ 'ನೋಡಮ್ಮಾ'. ನಮ್ಮ ಮ್ಯಾನೇಜರ್ ಕೆಟ್ಟವರಲ್ಲ, ಕೆಲಸ ಬಲ್ಲವರು. ಆದರೆ ಅವಳು ಹೇಳಿದ ಇದೇ ಮಾತನ್ನು ಇಪ್ಪತ್ತು ವರ್ಷ ಅನುಭವ ಇರುವವರು ಹೇಳಿದ್ದರೆ, ಅವರ ಮನೆಯ ನೆಟ್ ಸ್ಲೋ ಅಂತ ಯಾರಾದರೂ ಅನ್ನುತ್ತಿದ್ದರಾ? ಅವಳು ಕಾಂಟ್ರ್ಯಾಕ್ಟ್ ಮೇಲೆ ಇರುವ ಹೊಸ ಹುಡುಗಿ. ಅವಳ ಕಣ್ಣಿಗಿಂತ ಪರದೆಯ ಮಾತು ಹೆಚ್ಚಾಯಿತು. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ನಿಂತ ಅಜ್ಜಿಗೂ ಹೀಗೇ ಆಗುತ್ತದೆ. ಆಕೆ ಕಣ್ಣೆದುರೇ ಇದ್ದರೂ ಯಂತ್ರ ಒಪ್ಪಬೇಕು. ಗ್ರಾಫನ್ನೂ ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಏನನ್ನು ಅಳೆಯಬೇಕು, ಏನನ್ನು ಬಿಡಬೇಕು ಅಂತ ಅವರೇ ಆರಿಸಿರುತ್ತಾರೆ. ಅವರನ್ನು ನಂಬುವಷ್ಟಾದರೂ ಎದುರಿಗೆ ಕೂತು ಕಮಾಂಡ್ ಹೊಡೆದು ನೋಡಿದವಳನ್ನು ನಂಬಬಾರದಾ?

ಈಗ ನಿಯಮ ಬದಲಾಗಿದೆ. ಸತತ ಮೌನದ ಲೆಕ್ಕ ಬಿಟ್ಟು, ಕಳೆದ 15 ನಿಮಿಷದಲ್ಲಿ ಎಷ್ಟು ಸಲ ಉತ್ತರ ತಪ್ಪಿತು ಅಂತ ನೋಡುತ್ತೇವೆ. ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ. ಸ್ವಿಚ್ ಪೋರ್ಟ್‌ಗಳ ದೋಷದ ಲೆಕ್ಕವೂ ಬರುತ್ತಿದೆ. "ಕ್ಲೈಂಟ್ ಬಂದಾಗ ಸ್ಕ್ರೀನ್ ತೂತು ತೂತಾಗಿ ಕಾಣುತ್ತೆ" ಅಂತ ಆಕ್ಷೇಪ ಬಂತು. ಕಾಣಲಿ ಅಂದೆ.

ಘಟನೆಯ ವರದಿಯಲ್ಲಿ "ಮಾನಿಟರಿಂಗ್ ಪರಿಶೀಲನೆಯ ವೇಳೆ ದೋಷ ಪತ್ತೆಯಾಯಿತು" ಅಂತ ಬರೆದಿದ್ದರು. ಅದನ್ನು ಹೊಡೆದುಹಾಕಿ, ಪತ್ತೆ ಮಾಡಿದವಳ ಹೆಸರು, ಅವಳು ಹೇಳಿದ ಸಮಯ, ಅವಳಿಗೆ ಸಿಕ್ಕ ಉತ್ತರ ಮೂರನ್ನೂ ಸೇರಿಸಿ ವಾಪಸ್ ಕಳಿಸಿದ್ದೇನೆ. ಮೂರನೆಯದನ್ನು ತೆಗೆಯಿರಿ ಅಂತ ಇವತ್ತು ಬೆಳಿಗ್ಗೆ ಮೇಲ್ ಬಂದಿದೆ. ನಾನು ತೆಗೆಯುವುದಿಲ್ಲ.