ಅಪರಿಚಿತರು ಅಂತ ಬರೆದವಳು ನಾನೇ

ರಾತ್ರಿ ಎಂಟೂವರೆ. ಚಾಮರಾಜಪೇಟೆಯ ಪ್ರೆಸ್‌ನಲ್ಲಿ ಮೂರನೇ ಫಾರಂನ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ, ಪ್ಲೇಟ್ ಮಷಿನ್‌ಗೆ ಹತ್ತಿಸಿ ಆಗಿತ್ತು. ವೇಸ್ಟ್ ಶೀಟ್ ಹಾಕಿ ಇಂಕ್ ಸರಿ ಮಾಡುತ್ತಿದ್ದರು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು.

ತಿಪಟೂರಿನಿಂದ. ನಾವು ಶತಮಾನೋತ್ಸವದ ಸಂಚಿಕೆ ಮಾಡಿಕೊಡುತ್ತಿದ್ದ ಶಾಲೆಯ ನಿವೃತ್ತ ಟೀಚರ್. ಸಮಿತಿಗೆ ಕಳಿಸಿದ್ದ ಪ್ರೂಫ್ ಅವರ ಕೈಗೆ ಅವತ್ತು ಸಂಜೆಯಷ್ಟೇ ಸಿಕ್ಕಿತ್ತಂತೆ.

"43ನೇ ಪುಟದ ಗ್ರೂಪ್ ಫೋಟೋ ಕೆಳಗೆ ‘ಸುಮಾರು 1940, ಛಾಯಾಗ್ರಾಹಕರು ಅಪರಿಚಿತರು’ ಅಂತ ಹಾಕಿದೀರಲ್ಲಮ್ಮಾ. ಎರಡನೇ ಸಾಲಲ್ಲಿ ಎಡಗಡೆಯಿಂದ ಮೂರನೆಯವಳು ನಾನೇ. ನಾನು ಹುಟ್ಟಿದ್ದು 1949ರಲ್ಲಿ."

ನನಗೆ ಮಾತೇ ಹೊರಡಲಿಲ್ಲ. ಅವರೇ ಮುಂದುವರಿಸಿದರು. "ತೆಗೆದವರು ಅಪರಿಚಿತರೂ ಅಲ್ಲ. ನಮ್ಮೂರ ಪೇಟೆ ಬೀದಿಯ ಸ್ಟುಡಿಯೋದವರು. ಅವರು ಹೋಗಿ ಎಷ್ಟೋ ವರ್ಷ ಆಯ್ತು. ಮಗಳು ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಕೊಂಡಿದಾಳೆ."

ಪ್ರಕಾಶನ ಸಂಸ್ಥೆಯಲ್ಲಿ ಚಿತ್ರಗಳ ಜವಾಬ್ದಾರಿ ನನ್ನದು. ಹುಡುಕೋದು, ಸ್ಕ್ಯಾನ್, ಅನುಮತಿ, ಕ್ರೆಡಿಟ್ ಲೈನ್ ಎಲ್ಲಾ. ಆ ಸಂಚಿಕೆಯಲ್ಲಿ 140 ಫೋಟೋ ಇದ್ದವು. ನಮ್ಮ ಎಕ್ಸೆಲ್ ಶೀಟ್‌ನ ‘ಹಕ್ಕು’ ಕಾಲಂನಲ್ಲಿ 37 ಫೋಟೋಗಳ ಎದುರು ನಾನು ‘ಅಪರಿಚಿತ / ಪಿಡಿ’ ಅಂತ ತುಂಬಿದ್ದೆ. ಪಿಡಿ ಅಂದರೆ ಪಬ್ಲಿಕ್ ಡೊಮೇನ್, ಯಾರ ಕಾಪಿರೈಟೂ ಇಲ್ಲದ್ದು. ಮೊದಲನೆಯದಕ್ಕೆ ಟೈಪ್ ಮಾಡಿ, ಉಳಿದದ್ದಕ್ಕೆ ಕೆಳಗೆ ಎಳೆದಿದ್ದೆ. ಯಾರು ತೆಗೆದರೋ ಗೊತ್ತಿಲ್ಲ, ಫೋಟೋ ಹಳೆಯದು, ಹಾಗಾಗಿ ಹಕ್ಕು ಮುಗಿದಿರುತ್ತೆ ಅಂತ ಅಂದುಕೊಂಡಿದ್ದೆ.

1940 ಅಂತ ಹೇಗೆ ಹೇಳಿದೆ? ಮಧ್ಯೆ ಕೂತಿದ್ದ ಹೆಡ್‌ಮಾಸ್ಟರು ಕಚ್ಚೆಪಂಚೆ ಉಟ್ಟು, ಕ್ಲೋಸ್ ಕೋಟು ಹಾಕಿ, ಪೇಟ ಸುತ್ತಿದ್ದರು. ಪ್ರಿಂಟ್ ಕಂದು ಬಣ್ಣಕ್ಕೆ ತಿರುಗಿತ್ತು. ಅಷ್ಟು ನೋಡಿಯೇ ತೀರ್ಮಾನ ಮಾಡಿಬಿಟ್ಟೆ. ನಿವೃತ್ತಿಗೆ ಹತ್ತಿರ ಬಂದ ಮೇಷ್ಟ್ರುಗಳು 60ರ ದಶಕದಲ್ಲೂ ಹಾಗೇ ಬರುತ್ತಿದ್ದರು ಅನ್ನೋದು ನನಗೆ ಗೊತ್ತಿರದ ವಿಷಯವೇನಲ್ಲ. ನಮ್ಮ ತಾತನೂ ಹಾಗೇ ಇದ್ದರು.

ಆ ಫೋಟೋ ಆಫೀಸ್ ರೂಮಿನ ಗೋಡೆ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದದ್ದು. ಗಾಜಿನ ಮೇಲಿಂದಲೇ ತೆಗೆದು ಕಳಿಸಿದ್ದರು. ಕಟ್ಟು ಬಿಚ್ಚಿಸಿ ಅಂತ ಕೇಳಿದ್ದೆ. "ಮೊಳೆ ತುಕ್ಕು ಹಿಡಿದಿದೆ ಮೇಡಂ, ಗಾಜು ಒಡೆಯುತ್ತೆ" ಅಂದರು. ಸರಿ ಬಿಡಿ ಅಂದೆ. ಇವತ್ತಿಗೂ ಚುಚ್ಚೋದು ಆ ‘ಸರಿ ಬಿಡಿ’.

ಪ್ರೆಸ್‌ನಲ್ಲಿ ಮಷಿನ್‌ಮ್ಯಾನ್ ನನ್ನ ಮುಖ ನೋಡುತ್ತಾ ನಿಂತಿದ್ದರು. "ಮೇಡಂ, ಓಡಿಸ್ಲಾ?"

ಮ್ಯಾನೇಜರ್‌ಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. 16 ಪುಟದ ಫಾರಂನಲ್ಲಿ ಕೆಟ್ಟಿರೋದು ಒಂದು ಫೋಟೋ, ಒಂದು ಸಾಲು. ಭಾನುವಾರ ಬಿಡುಗಡೆ. ಬೈಂಡಿಂಗ್‌ಗೇ ಎರಡು ದಿನ ಬೇಕು. ಸುಮ್ನೆ ಓಡಿಸಿಬಿಡಿ ಅಂದರೆ ಏನಾಗುತ್ತೆ, ಟೀಚರ್ ಫೋನ್ ತಡವಾಗಿ ಬಂತು ಅಂತ ಹೇಳಿದರಾಯ್ತು ಅನ್ನಿಸಿತು. ನಿಜವಾಗಿ ಅನ್ನಿಸಿತು. ವೇಸ್ಟ್ ಶೀಟ್ ಒಂದನ್ನು ಎತ್ತಿಕೊಂಡು ಲೈಟ್ ಕೆಳಗೆ ಹಿಡಿದೆ. ಎರಡನೇ ಸಾಲು, ಎಡಗಡೆಯಿಂದ ಮೂರನೆಯ ಹುಡುಗಿ. ಎರಡು ಜಡೆ, ಒಂದರ ರಿಬ್ಬನ್ ಸಡಿಲವಾಗಿತ್ತು. ಈಗ ತಾನೇ ಫೋನ್‌ನಲ್ಲಿ ಮಾತಾಡಿದವರು.

"ಇದನ್ನ ಇಳಿಸಿ, ನಾಲ್ಕನೇ ಫಾರಂ ಹತ್ತಿಸಿ" ಅಂದೆ. ಅವರು ಬೈಯಲಿಲ್ಲ. ಗಡಿಯಾರ ನೋಡಿ, ಪ್ಲೇಟ್ ಬಿಚ್ಚೋಕೆ ಶುರು ಮಾಡಿದರು.

ಮಾರನೇ ದಿನ ಬೆಳಗಿನ ರೈಲಿಗೆ ತಿಪಟೂರಿಗೆ ಹೋದೆ. ಶಾಲೆಯ ಅಟೆಂಡರ್ ಇಕ್ಕಳದಲ್ಲಿ ಒಂದೊಂದೇ ಮೊಳೆ ಕಿತ್ತರು. ಗಾಜು ಒಡೆಯಲಿಲ್ಲ. ಅಂಚಿನ ರಟ್ಟು ಸರಿಸಿದ ಕೂಡಲೇ ಮುಂದಿನ ಸಾಲಿನ ಮಕ್ಕಳ ಕಾಲ ಹತ್ತಿರ ಒಂದು ಸ್ಲೇಟು ಕಾಣಿಸಿತು. ಸೀಮೆಸುಣ್ಣದಲ್ಲಿ ದುಂಡಗೆ ‘7ನೇ ತರಗತಿ, 1961-62’. ಇಷ್ಟು ವರ್ಷ ಅದು ರಟ್ಟಿನ ಕೆಳಗೇ ಇತ್ತು. ಬೆನ್ನಿಗೆ ನೇರಳೆ ಶಾಯಿಯಲ್ಲಿ ಸ್ಟುಡಿಯೋದ ರಬ್ಬರ್ ಸ್ಟಾಂಪು. ಅರ್ಧ ಅಳಿಸಿದ್ದರೂ ಹೆಸರು ಓದಬಹುದಿತ್ತು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. ನನ್ನ 1940 ಸರಿಯಾಗಿದ್ದರೂ ‘ಪಿಡಿ’ ಅಂತ ಖಚಿತವಾಗಿ ಹೇಳೋಕೆ ಆಗುತ್ತಿರಲಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಜಾರಿಗೆ ಬಂದಿದ್ದು 1958ರ ಜನವರಿ 21ಕ್ಕೆ. ಅದಕ್ಕೂ ಮುಂಚೆ ಇದ್ದ ಕಾನೂನಿನಲ್ಲಿ ನೆಗೆಟಿವ್ ಮಾಡಿದ ದಿನದಿಂದ 50 ವರ್ಷ. ಹಾಗಾಗಿ 1907ರವರೆಗಿನ ಫೋಟೋಗಳದ್ದು ಮುಗಿದ ಕಥೆ, ಅದರಲ್ಲಿ ತಲೆಬಿಸಿ ಇಲ್ಲ. ಹೊಸ ಕಾಯ್ದೆಯಲ್ಲಿ ಲೆಕ್ಕ ಪ್ರಕಟವಾದ ವರ್ಷದಿಂದ ಶುರುವಾಗುತ್ತಿತ್ತು. ಮೊದಲು 50 ವರ್ಷ ಇತ್ತು, ಆಮೇಲೆ 60 ಮಾಡಿದರು. 2012ರ ಜೂನ್‌ನಲ್ಲಿ ಅದನ್ನೂ ತೆಗೆದು, ಸಾಹಿತ್ಯ, ಚಿತ್ರಕಲೆಯ ಕೃತಿಗಳಂತೆ ಫೋಟೋಗೂ ತೆಗೆದವರ ಜೀವಮಾನ, ಅದರ ಮೇಲೆ 60 ವರ್ಷ ಅಂತ ಮಾಡಿದರು. ಅಂದರೆ 1951ರ ಒಳಗೆ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅಚ್ಚಾದ ಫೋಟೋ ಆದರೆ ಆ ತಿದ್ದುಪಡಿಗೆ ಮೊದಲೇ ಹಕ್ಕು ಮುಗಿದಿರುತ್ತೆ. ಗೋಡೆ ಮೇಲೆ ತೂಗುಹಾಕಿದ್ದ ಫೋಟೋ ಎಲ್ಲೂ ಅಚ್ಚಾಗಿಯೇ ಇಲ್ಲ, ಅದರ ಲೆಕ್ಕ ಎಲ್ಲಿಂದ ಶುರು ಆಗಬೇಕು? ತೆಗೆದವರು ಯಾರು, ಯಾವಾಗ ತೀರಿಕೊಂಡರು ಅಂತ ಕೇಳದೆ ದಾರಿಯೇ ಇಲ್ಲ. ಮಕ್ಕಳಿಗೆ ಕಾಪಿ ಕೊಟ್ಟಿದ್ದು ಪ್ರಕಟಣೆ ಅಲ್ವಾ ಅನ್ನೋ ವಾದ ಇದೆ. ಅದನ್ನು ನಂಬಿ ಪ್ಲೇಟ್ ಮಾಡಿಸೋ ಧೈರ್ಯ ನನಗಿಲ್ಲ.

ಇನ್ನೊಂದು ಪ್ರಶ್ನೆ ನಾನು ಕೇಳಿಯೇ ಇರಲಿಲ್ಲ. ದುಡ್ಡು ಕೊಟ್ಟಿದ್ದು ಯಾರು? ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರೇ. ಶಾಲೆ ದುಡ್ಡು ಕೊಟ್ಟಿದ್ದರೆ ಹಕ್ಕು ಶಾಲೆಯದು. ಆ ವರ್ಷದ ವೋಚರುಗಳನ್ನು ಗೆದ್ದಲು ತಿಂದಿತ್ತು. ಟೀಚರ್‌ಗೆ ಮಾತ್ರ ಚೆನ್ನಾಗಿ ನೆನಪಿತ್ತು. "ಶಾಲೆ ಎಲ್ಲಿ ಕೊಡ್ತು? ಕಾಪಿ ಬೇಕಾದವರು ಒಂದೂವರೆ ರೂಪಾಯಿ ತರಬೇಕಿತ್ತು. ನಮ್ಮಪ್ಪ ಕೊಡಲಿಲ್ಲ, ಅದಕ್ಕೇ ನನ್ನ ಹತ್ರ ಈ ಫೋಟೋ ಇಲ್ಲ." ಹಾಗಾದರೆ ಹಕ್ಕು ಸ್ಟುಡಿಯೋದವರದ್ದೇ ಅಂತ ಹಿಡಿದು ಮುಂದುವರಿದೆ.

ಜೆರಾಕ್ಸ್ ಅಂಗಡಿಯಲ್ಲಿ ಅವರ ಮಗಳು ಪ್ರೂಫ್ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ‘ಅಪರಿಚಿತರು’ ಅನ್ನೋ ಪದದ ಮೇಲೆ ಬೆರಳಿಟ್ಟರು, ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಕಬ್ಬಿಣದ ಟ್ರಂಕ್ ತೋರಿಸಿದರು. ಬಟರ್ ಪೇಪರಿನ ಕವರುಗಳಲ್ಲಿ ನೆಗೆಟಿವ್‌ಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಊರು, ಶಾಲೆ, ವರ್ಷ. ಅಪ್ಪ ತೀರಿಕೊಂಡಿದ್ದು 1989ರಲ್ಲಂತೆ. ಅಂದರೆ ಹಕ್ಕು 2049ರ ಕೊನೆವರೆಗೆ.

ದುಡ್ಡಿನ ಮಾತು ನಾನೇ ತೆಗೆದೆ. ಬೇಡ ಅಂದರು. "ಅಪ್ಪನ ಹೆಸರು ಹಾಕಿ. ಇನಿಷಿಯಲ್ ಎರಡು ಇದೆ, ಎರಡೂ ಬರಲಿ." ಹೆಸರು ಕೇಳೋದು ಅವರ ಉಪಕಾರ ಅಲ್ಲ, ಹಕ್ಕು. ಕಾಪಿರೈಟ್ ಯಾರ ಕೈಯಲ್ಲಿದ್ದರೂ, ಇದು ನನ್ನ ಕೃತಿ ಅಂತ ಹೇಳಿಕೊಳ್ಳೋ ಹಕ್ಕು ತೆಗೆದವರಿಗೆ ಉಳಿಯುತ್ತೆ. 2012ರಿಂದ ವಾರಸುದಾರರೂ ಅದನ್ನು ಕೇಳಬಹುದು. ಅನುಮತಿ ಪತ್ರಕ್ಕೆ ಅವರು ಸಹಿ ಹಾಕಿದರು. ಹುಬ್ಬಳ್ಳಿಯ ತಮ್ಮನ ಸಹಿಯೂ ಬೇಕಿತ್ತು, ಸಂಜೆಯೊಳಗೆ ಸ್ಕ್ಯಾನ್ ಬಂತು. ಮೂರನೇ ಫಾರಂ ಮರುದಿನ ಓಡಿತು.

ಹೊಸ ಪ್ಲೇಟ್, ರಾತ್ರಿ ಓವರ್‌ಟೈಮ್ ಎರಡರ ಬಿಲ್ಲೂ ಬಂದಾಗ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಹಳೇ ಫೋಟೋ ತಾನೇ, ಯಾರು ಕೇಳ್ತಿದ್ರು?" ಮಾಲೀಕರು ಸಿಗದ ಕೃತಿಗೆ ಕಡ್ಡಾಯ ಲೈಸೆನ್ಸ್ ಅಂತ ಒಂದು ದಾರಿ ಕಾಯ್ದೆಯಲ್ಲಿ ಇದೆ. ಅದಕ್ಕೆ ದೇಶದ ಬಹುಭಾಗಕ್ಕೆ ಹೋಗುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಅರ್ಜಿ ನೋಡುತ್ತಿದ್ದ ಮಂಡಳಿಯನ್ನು 2021ರಲ್ಲಿ ಮುಚ್ಚಿದ ಮೇಲೆ ಕೋರ್ಟಿಗೇ ಹೋಗಬೇಕು. 2000 ಪ್ರತಿಯ ಶಾಲಾ ಸಂಚಿಕೆಗೆ ಯಾರು ಅಷ್ಟು ಮಾಡುತ್ತಾರೆ? ಊರಿಗೆ ಹೋಗಿ ನಾಲ್ಕು ಜನರನ್ನು ಕೇಳೋದು ಅದಕ್ಕಿಂತ ಎಷ್ಟೋ ಸುಲಭ.

ಉಳಿದ 36 ಫೋಟೋಗಳನ್ನು ಆಮೇಲೆ ಮತ್ತೆ ತೆಗೆದೆ. 9 ಫೋಟೋಗಳ ಬೆನ್ನಿಗೆ ಅದೇ ನೇರಳೆ ಸ್ಟಾಂಪು ಇತ್ತು. ಅಷ್ಟೂ ಆಗಲೇ ‘ಅಪರಿಚಿತ’ ಅಂತಲೇ ಅಚ್ಚಾಗಿ ಹಂಚಿಹೋಗಿದ್ದವು. ತಪ್ಪುಗಳನ್ನು ತಿದ್ದಿದ ಒಂದು ತಪ್ಪೋಲೆ ಅಚ್ಚು ಹಾಕಿಸಿ ಶಾಲೆಗೆ ಕಳಿಸಿದೆ, ಅವರ ಮಗಳಿಗೂ ಒಂದು ಪ್ರತಿ ಕಳಿಸಿದೆ.

ಈಗ ಶೀಟ್‌ನಲ್ಲಿ ‘ಅಪರಿಚಿತ’ ಅನ್ನೋದರ ಪಕ್ಕ ‘ಯಾರನ್ನು ಕೇಳಿದೆ’, ‘ಬೆನ್ನು ನೋಡಿದ್ದು ಯಾವಾಗ’ ಅಂತ ಎರಡು ಕಾಲಂ ಸೇರಿಸಿದ್ದೇನೆ. ಅವು ಖಾಲಿ ಇದ್ದರೆ ಫೋಟೋ ಲೇಔಟ್‌ಗೆ ಹೋಗೋದಿಲ್ಲ. ಸ್ಕ್ಯಾನಿಂಗ್ ಟಾರ್ಗೆಟ್ ಮಾತ್ರ ಈಗಲೂ ದಿನಕ್ಕೆ 80 ಚಿತ್ರ. ಕಟ್ಟು ಬಿಚ್ಚೋಕೆ ಅದರಲ್ಲಿ ಸಮಯವೇ ಇಲ್ಲ. ಅದನ್ನು 40 ಮಾಡಿ ಅಂತ ಈ ತಿಂಗಳೂ ಮೇಲ್ ಹಾಕಿದ್ದೇನೆ.