ಹೊಡೆತ ಕಾಣ್ತಿದೆ, ಬೀಳ್ತಿಲ್ಲ

ಸಿನಿಮಾ ಎಡಿಟಿಂಗ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಮೊದಲ ನಾಲ್ಕು ವರ್ಷ ಅಸಿಸ್ಟೆಂಟ್, ರಶಸ್ (ಶೂಟ್ ಆಗಿ ಬಂದ ಕಚ್ಚಾ ಫೂಟೇಜ್) ಜೊತೆ ಸೌಂಡ್ ಸಿಂಕ್ ಮಾಡೋದು, ಬಿನ್ (ಕ್ಲಿಪ್‌ಗಳ ಫೋಲ್ಡರ್) ಜೋಡಿಸೋದು, ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕಿ ಬೆಳಿಗ್ಗೆ ಹಾರ್ಡ್‌ಡಿಸ್ಕ್ ತಲುಪಿಸೋದು, ಅಷ್ಟೇ. ಆಮೇಲೆ ಒಂದು ದಿನ ನಮ್ಮ ಎಡಿಟರ್ ಸರ್ ಒಂದು ಪೂರ್ತಿ ಫೈಟ್ ಸೀನನ್ನ ನನ್ನ ಕೈಗೆ ಕೊಟ್ಟು ನೀನೇ ಕಟ್ ಮಾಡು ಅಂದ್ರು. ಮುಖವಾಡ ಹಾಕ್ಕೊಂಡು ರಾತ್ರಿ ಹೊತ್ತು ಓಡಾಡೋ ಹೀರೋ ಕಥೆ ಅದು, ಸೂಪರ್‌ಹೀರೋ ಅನ್ನಿ, ಆದ್ರೆ ಹಾರೋ ಶಕ್ತಿ ಗಿಕ್ತಿ ಏನೂ ಇಲ್ಲ, ಗೋಡೌನ್ ಒಳಗೆ ಆರು ಜನರ ಜೊತೆ ಫೈಟು, ಮೂರು ಕ್ಯಾಮೆರಾ ಇಟ್ಟು ಎರಡು ರಾತ್ರಿ ಶೂಟ್ ಮಾಡಿದ್ರು.

ಒಂದು ವಾರ ಕೂತು ಕಟ್ ಮಾಡಿದೆ. ನಾಲ್ಕು ನಿಮಿಷಕ್ಕೆ 212 ಕಟ್. ಪ್ರತಿ ಏಟಿಗೂ ಮೂರು ಆ್ಯಂಗಲ್, ಮಧ್ಯೆ ಮಧ್ಯೆ ಸ್ಲೋಮೋ, ಕೆಳಗೆ ಜೋರಾಗಿ ಟೆಂಪ್ ಮ್ಯೂಸಿಕ್, ಅಂದ್ರೆ ಸದ್ಯಕ್ಕೆ ಅಂತ ಹಾಕೋ ಮ್ಯೂಸಿಕ್. ಡೈರೆಕ್ಟರ್ ಪೂರ್ತಿ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು "ಹೊಡೆತ ಕಾಣ್ತಿದೆ ಕಣೋ, ಬೀಳ್ತಿಲ್ಲ" ಅಂದ್ರು. ಅವರು ಬೈದಿದ್ರೂ ಅಷ್ಟು ಬೇಜಾರಾಗ್ತಿರ್ಲಿಲ್ಲ.

ಸರ್‌ಗೆ ವಿಷಯ ಹೇಳ್ದೆ. ಅವರು ನನ್ನ ಟೈಮ್‌ಲೈನ್ ನೋಡ್ಲೇ ಇಲ್ಲ, 'ದ ಡಾರ್ಕ್ ನೈಟ್' ಹಾಕು, ಪೊಲೀಸ್ ಸ್ಟೇಷನ್‌ನಲ್ಲಿ ಬ್ಯಾಟ್‌ಮನ್ ಜೋಕರ್‌ನ ವಿಚಾರಣೆ ಮಾಡ್ತಾನಲ್ಲ ಆ ಸೀನ್, ಸೌಂಡ್ ಆಫ್ ಮಾಡು, ಒಂದು ಹಾಳೆ ತಗೋ, ಪ್ರತಿ ಕಟ್ಟಿಗೂ ನಿಲ್ಲಿಸಿ 'ಈಗ ನೋಡೋರಿಗೆ ಹೊಸದಾಗಿ ಏನು ಗೊತ್ತಾಯ್ತು' ಅಂತ ಒಂದು ಸಾಲು ಬರಿ ಅಂದ್ರು. 2008ರ ಸಿನಿಮಾ, ಕಾಲೇಜಲ್ಲಿ ಇದ್ದಾಗ್ಲೇ ಹತ್ತು ಸಲ ನೋಡಿದ್ದೆ. ಹಾಗೆ ಕೂತು ನೋಡಿದ್ದು ಅದೇ ಮೊದಲು.

ಸೀನ್ ಶುರುವಾದಾಗ ರೂಮಲ್ಲಿ ಕತ್ತಲು, ಮೇಜಿನ ಮೇಲೊಂದು ಲ್ಯಾಂಪ್ ಅಷ್ಟೇ, ಜೋಕರ್ ಎದುರಿಗೆ ಕೂತಿರೋದು ಪೊಲೀಸ್ ಅಧಿಕಾರಿ ಗಾರ್ಡನ್. ಅವನು ಜೋಕರ್ ಕೈಕೋಳ ಬಿಚ್ಚಿ ಹೊರಗೆ ಹೋಗ್ತಾನೆ, ಲೈಟ್ ಹತ್ತುತ್ತೆ, ನೋಡಿದ್ರೆ ಬ್ಯಾಟ್‌ಮನ್ ಜೋಕರ್ ಹಿಂದೇನೇ ನಿಂತಿದ್ದಾನೆ. ಈ ಜಾತಿ ಸಿನಿಮಾದಲ್ಲಿ ಕತ್ತಲು ಅಂದ್ರೆ ಹೀರೋದು, ಅವನು ನೆರಳಿಂದ ಬರಬೇಕು, ವಿಲನ್ ಹೆದರಬೇಕು, ಇದು ನಾವೆಲ್ಲ ಚಿಕ್ಕಂದಿನಿಂದ ನೋಡಿ ನೋಡಿ ಮನಸ್ಸಲ್ಲಿ ಕೂತಿರೋ ನಿಯಮ. ಇಲ್ಲಿ ಅವನನ್ನ ಬಿಳಿ ಟ್ಯೂಬ್‌ಲೈಟ್ ಬೆಳಕಲ್ಲಿ ತಂದು ನಿಲ್ಲಿಸಿಬಿಟ್ಟಿದ್ದಾರೆ. ಆ ಬೆಳಕಲ್ಲಿ ಕರಿ ಸೂಟು, ಆ ಕಿವಿಗಳು ಎಲ್ಲ ಬರೀ ವೇಷ ಅನ್ಸುತ್ತೆ. ಎದುರಿಗೆ ಕೂತ ಜೋಕರ್ ಮುಖದ ಬಣ್ಣ ಮಾತ್ರ ಅಳಿಸಿ ಅಳಿಸಿ ಚರ್ಮಕ್ಕೇ ಅಂಟಿಕೊಂಡಂಗಿದೆ, ಅದು ವೇಷ ಅಂತ ಅನ್ಸೋದೇ ಇಲ್ಲ. ಒಂದೂ ಡೈಲಾಗ್ ಕೇಳಿಸದೆ, ಬರೀ ಲೈಟಿಂಗ್‌ನಲ್ಲಿ ಇಷ್ಟು ಗೊತ್ತಾಯ್ತು ನನಗೆ.

ಆಮೇಲೆ ಹೊಡೆತ. ಲೆಕ್ಕ ಹಾಕಿದ್ರೆ ಆ ಸೀನಲ್ಲಿ ಬೀಳೋ ಏಟು ಬಹಳ ಕಮ್ಮಿ. ಮೇಜಿನ ಆ ಕಡೆ ಒಬ್ಬ ಈ ಕಡೆ ಒಬ್ಬ ಇರೋ ತನಕ ಕಟ್‌ಗಳು ಸಮಾಧಾನವಾಗಿ ಬರ್ತವೆ, ಬ್ಯಾಟ್‌ಮನ್ ಅವನನ್ನ ಮೇಜಿನ ಮೇಲಿಂದ ಎಳ್ಕೊಂಡ ಮೇಲೆ ಕ್ಯಾಮೆರಾನೂ ಸಮಾಧಾನ ಕಳ್ಕೊಳುತ್ತೆ. ಬಾಗಿಲಿಗೆ ಕುರ್ಚಿ ಒತ್ತುಕೊಟ್ಟು ಬಂದು ಹೊಡೀತಾನೆ, ಹೊಡೆಸಿಕೊಂಡವನು ನಗ್ತಾನೆ. ಹಾಳೆ ಮೇಲೆ ನಾನು ಬರ್ಕೊಂಡಿದ್ದು 'ಇವನ ಶಕ್ತಿ ಇಲ್ಲಿ ಕೆಲಸಕ್ಕೆ ಬರಲ್ಲ' ಅಂತ. ಸೂಪರ್‌ಹೀರೋ ಸಿನಿಮಾ ಕೊಡೋ ದೊಡ್ಡ ಭರವಸೆನೇ ಅವನ ಶಕ್ತಿ, ಅದನ್ನೇ ನಡುಮಧ್ಯೆ ಕಿತ್ಕೊಂಡ್ರು. ಅಲ್ಲಿಂದ ಮುಂದೆ ಅದು ಥ್ರಿಲ್ಲರ್.

ಯಾಕಂದ್ರೆ ಮುಂದಿನ ಭಾಗ ನೋಡಿ. ಬ್ಯಾಟ್‌ಮನ್ ಪ್ರೀತಿಸೋ ರೇಚಲ್ ಒಂದು ಕಡೆ, ಸರ್ಕಾರಿ ವಕೀಲ ಹಾರ್ವಿ ಇನ್ನೊಂದು ಕಡೆ, ಇಬ್ಬರ ಸುತ್ತಲೂ ಇಂಧನದ ಡ್ರಮ್ಮು, ಟೈಮರ್ ಓಡ್ತಿದೆ, ಬ್ಯಾಟ್‌ಮನ್ ಬೈಕಲ್ಲಿ ಒಂದು ವಿಳಾಸಕ್ಕೆ, ಪೊಲೀಸರು ಇನ್ನೊಂದಕ್ಕೆ, ಇತ್ತ ಸ್ಟೇಷನ್‌ನಲ್ಲಿ ಜೋಕರ್. ಎಲ್ಲದರ ಮಧ್ಯೆ ಕಟ್ ಮಾಡ್ತಾ ಹೋಗ್ತಾರೆ. ಹೀರೋ ಕೊನೇ ಗಳಿಗೆಯಲ್ಲಿ ಬಂದು ಹೀರೋಯಿನ್‌ನ ಉಳಿಸ್ತಾನೆ ಅನ್ನೋದು ನಮಗೆ ಗೊತ್ತಿರೋ ನಿಯಮ. 1978ರ 'ಸೂಪರ್‌ಮ್ಯಾನ್'ನಲ್ಲಿ ಲೋಯಿಸ್ ಸತ್ತೇ ಹೋದ್ರೂ ಹೀರೋ ಭೂಮಿ ಸುತ್ತ ಹಾರಿ ಕಾಲವನ್ನೇ ಹಿಂದೆ ತಿರುಗಿಸಿ ಉಳಿಸ್ಕೊಂಡ. ಇಲ್ಲಿ ರೇಚಲ್ ಇದ್ದಾಳೆ ಅಂತ ಬ್ಯಾಟ್‌ಮನ್ ಬಾಗಿಲು ಒದ್ದು ಒಳಗೆ ಹೋದ್ರೆ ಇರೋದು ಹಾರ್ವಿ. ಜೋಕರ್ ವಿಳಾಸ ಅದಲು ಬದಲು ಮಾಡಿ ಹೇಳಿದ್ದಾನೆ. ಹೀಗೆ ಬೇರೆ ಬೇರೆ ಜಾಗಗಳ ಮಧ್ಯೆ ಕಟ್ ಮಾಡೋ ಕ್ರಾಸ್‌ಕಟ್ಟಿಂಗ್ ಅನ್ನೋದು ಬರೀ ವೇಗಕ್ಕೆ ಅಂದ್ಕೊಂಡಿದ್ದೆ ನಾನು, ನೋಡೋರ ನಂಬಿಕೆಯನ್ನ ಒಂದು ದಾರಿಯಲ್ಲಿ ಓಡಿಸ್ತಾ ಓಡಿಸ್ತಾ ಇದ್ದು ಸರಿಯಾಗಿ ಒಂದು ಫ್ರೇಮಲ್ಲಿ ಆ ದಾರಿ ಮುಚ್ಚೋಕೂ ಅದೇ ಸಾಧನ ಅಂತ ಅವತ್ತು ಅರ್ಥ ಆಯ್ತು.

ಸೌಂಡ್ ಆನ್ ಮಾಡಿದ್ದು ಮಾರನೇ ದಿನ. ಸರ್ ಹೇಳಿದ್ದು, ಈಗ ಚಿತ್ರ ನೋಡ್ಬೇಡ, ಕೇಳು. ಜೋಕರ್‌ಗೆ ಮ್ಯೂಸಿಕ್ ಡೈರೆಕ್ಟರ್ ಹಾನ್ಸ್ ಜಿಮ್ಮರ್ ಕೊಟ್ಟಿರೋದು ದೊಡ್ಡ ಟ್ಯೂನ್ ಅಲ್ಲ, ಸೆಲ್ಲೋ ಮೇಲೆ ಒಂದೇ ಸ್ವರ ಎಳ್ಕೊಂಡು ಎಳ್ಕೊಂಡು ನಿಧಾನಕ್ಕೆ ಮೇಲೆ ಹೋಗೋದು, ಹಲ್ಲು ಜುಮ್ ಅನ್ಸುತ್ತೆ. ಆ ಬೈಕ್ ಸದ್ದು ಇನ್ನೂ ಚೆಂದ. ಸೌಂಡ್ ಎಡಿಟರ್ ರಿಚರ್ಡ್ ಕಿಂಗ್ ಅದಕ್ಕೆ ಶೆಪರ್ಡ್ ಟೋನ್ ಬಳಸಿದ್ದಾರೆ, ಅಂದ್ರೆ ಒಂದೊಂದು ಸ್ಥಾಯಿ ಅಂತರದಲ್ಲಿರೋ ಸ್ವರಗಳನ್ನ ಒಟ್ಟಿಗೆ ಏರಿಸ್ತಾ ಹೋಗಿ, ಮೇಲಿನದು ಸದ್ದಿಲ್ಲದೆ ಕರಗೋ ಹೊತ್ತಿಗೆ ಕೆಳಗಿಂದ ಇನ್ನೊಂದನ್ನ ಸೇರಿಸೋದು. ಕಿವಿಗೆ ಸದಾ ಗೇರ್ ಏರ್ತಾನೇ ಇದೆ ಅನ್ಸುತ್ತೆ, ನಿಜವಾಗಿ ಎಲ್ಲಿಗೂ ಹೋಗಿರಲ್ಲ. ಆ ವರ್ಷ ಸೌಂಡ್ ಎಡಿಟಿಂಗ್ ಆಸ್ಕರ್ ಅವರಿಗೇ ಬಂತು. ಅದೇ ರಾತ್ರಿ 'ಸ್ಲಮ್‌ಡಾಗ್ ಮಿಲಿಯನೇರ್'ಗೆ ಸೌಂಡ್ ಮಿಕ್ಸಿಂಗ್ ಆಸ್ಕರ್ ತಗೊಂಡವರಲ್ಲಿ ನಮ್ಮ ರಸೂಲ್ ಪೂಕುಟ್ಟಿ ಒಬ್ಬರು, ಇದನ್ನ ಹೇಳುವಾಗೆಲ್ಲ ಖುಷಿ ಆಗುತ್ತೆ ನನಗೆ.

ಅದೇ ಸಿನಿಮಾದ ಲಾರಿ ಚೇಸ್‌ನಲ್ಲಿ ಬಹಳ ಹೊತ್ತು ಮ್ಯೂಸಿಕ್ಕೇ ಇಲ್ಲ, ಬರೀ ಇಂಜಿನ್, ಟೈರು, ಕಬ್ಬಿಣ. ಶಿಕಾಗೋದ ಲಾಸಾಲ್ ಸ್ಟ್ರೀಟಲ್ಲಿ ನಿಜವಾದ ಹದಿನೆಂಟು ಚಕ್ರದ ಲಾರಿಯನ್ನ ಲಂಬವಾಗಿ ಎತ್ತಿ ಮಗುಚಿದ್ದಾರೆ, ಅದನ್ನ ಹತ್ತು ಕಟ್ ಮಾಡಿ ಸಾಯಿಸದೆ ದೂರದಿಂದ ತೋರಿಸ್ತಾರೆ. ಆದ್ರೆ ಅದೇ ಚೇಸ್‌ನ ಮೊದಲರ್ಧದಲ್ಲಿ ಯಾವ ಗಾಡಿ ಯಾವ ಕಡೆ ಇದೆ ಅಂತ ನನಗೆ ಇವತ್ತಿಗೂ ಸರಿಯಾಗಿ ತಿಳಿಯಲ್ಲ, ಸ್ಕ್ರೀನ್ ಡೈರೆಕ್ಷನ್, ಅಂದ್ರೆ ಪರದೆ ಮೇಲೆ ಗಾಡಿ ಹೋಗೋ ದಿಕ್ಕು, ಎಡ ಬಲ ಆಗ್ತಾನೇ ಇರುತ್ತೆ. ಸರ್ ಒಪ್ಪಲ್ಲ, ಗೊಂದಲ ಇರ್ಲಿ ಅಂತಾನೇ ಮಾಡಿದ್ದು ಅಂತಾರೆ. ನನಗೆ ಅದು ತಪ್ಪೇ. ದೊಡ್ಡ ಸಿನಿಮಾ ಅಂತ ಅದನ್ನ ನಕಲು ಮಾಡೋಕೆ ಹೋಗ್ಬಾರ್ದು.

ಮೂರನೇ ದಿನ ನನ್ನ ಸೀನ್ ತೆಗೆದು ಅದೇ ಹಾಳೆ ಇಟ್ಕೊಂಡೆ. ಮೊದಲ ನಲವತ್ತು ಕಟ್‌ನಲ್ಲಿ ಹೊಸದು ಏನಾದ್ರೂ ಗೊತ್ತಾಗೋದು ಐದರಲ್ಲಿ ಮಾತ್ರ. ಉಳಿದಿದ್ದೆಲ್ಲ 'ಹೊಡೆದ, ಹೊಡೆದ, ಹೊಡೆದ'. ಆರು ಜನ ಎಲ್ಲಿ ನಿಂತಿದ್ದಾರೆ, ಬಾಗಿಲು ಎಲ್ಲಿದೆ, ಇವನು ಸೋಲಬಹುದಾ, ಒಂದೂ ಗೊತ್ತಾಗ್ತಿರ್ಲಿಲ್ಲ, ಮತ್ತೆ ಏಟು ಬೀಳೋದು ಹೇಗೆ.

ರಶಸ್ ಎಲ್ಲ ಮತ್ತೆ ಮೊದಲಿಂದ ನೋಡ್ದೆ, ಆ್ಯಕ್ಷನ್ ಹೇಳೋ ಮುಂಚೆ ಓಡಿರೋ ತುಣುಕು, ಕಟ್ ಹೇಳಿದ ಮೇಲಿಂದು, ಎಲ್ಲ. ಬಿ ಕ್ಯಾಮೆರಾದಲ್ಲಿ ಒಂದು ಸಿಕ್ತು. ಕ್ಲ್ಯಾಪ್ ಆಗಿದೆ, ಆ್ಯಕ್ಷನ್ ಇನ್ನೂ ಹೇಳಿಲ್ಲ, ಫೋಕಸ್ ಸರಿ ಮಾಡ್ತಿದ್ದಾರೆ, ಹೀರೋ ಪಾತ್ರಧಾರಿ ಹೆಬ್ಬೆರಳನ್ನ ಮುಖವಾಡದ ಪಟ್ಟಿ ಕೆಳಗೆ ತೂರಿಸಿ ಕಿವಿ ಹಿಂದೆ ಸಡಿಲ ಮಾಡ್ಕೊತಾರೆ. ಪಟ್ಟಿ ಒತ್ತಿ ಒತ್ತಿ ಅಲ್ಲಿ ಕೆಂಪು ಗೆರೆ ಬಿದ್ದಿತ್ತು. ಉಸಿರು ಒಂದು ಸಲ ಒಳಗೆ ಹೋಗುತ್ತೆ. ಎರಡು ಸೆಕೆಂಡು ಏಳು ಫ್ರೇಮ್. ಮುಖವಾಡ ಅಂದ್ರೆ ಈ ಸಿನಿಮಾಗಳಲ್ಲಿ ಗತ್ತು, ಬಿಲ್ಡಪ್ಪು, ಅದು ನೋಯುತ್ತೆ ಅಂತ ನಾನೂ ಯೋಚಿಸಿರ್ಲಿಲ್ಲ.

ಆ ಶಾಟನ್ನ ಮೊದಲ ಏಟಿಗೆ ಮುಂಚೆ ಇಟ್ಟೆ. ಅದರ ಹಿಂದೆ ಗೋಡೌನ್‌ನ ಒಂದು ವೈಡ್ ಶಾಟ್, ಆರೂ ಜನ ಕಾಣೋ ಹಾಗೆ, ಹನ್ನೊಂದು ಸೆಕೆಂಡು ಕದಲಿಸದೆ ಬಿಟ್ಟೆ. ಟೆಂಪ್ ಮ್ಯೂಸಿಕ್ ತೆಗೆದೆ. ಏಟು ತಾಗೋ ಜಾಗದಲ್ಲಿ ಎರಡು ಫ್ರೇಮ್ ಮುಂಚೆನೇ ಕಟ್ ಮಾಡಿ, ಏಟನ್ನ ಬಿಟ್ಟು, ಪಕ್ಕದಲ್ಲಿ ನಿಂತು ನೋಡ್ತಿರೋ ರೌಡಿಯ ಮುಖಕ್ಕೆ ಹೋದೆ, ಸದ್ದು ಮಾತ್ರ ಆ ಮುಖದ ಮೇಲೆ ಬೀಳುತ್ತೆ. 212 ಇದ್ದಿದ್ದು 97ಕ್ಕೆ ಬಂತು. ಡೈರೆಕ್ಟರ್ ಈ ಸಲ ಏನೂ ಹೇಳ್ಲಿಲ್ಲ, ಮತ್ತೊಂದ್ಸಲ ಹಾಕು ಅಂದ್ರು, ಹಾಕ್ದೆ, ಪಟ್ಟಿ ಶಾಟ್ ಬಂದಾಗ ಅವರ ಕೈ ತನ್ನಷ್ಟಕ್ಕೆ ಕಿವಿ ಹಿಂದಕ್ಕೆ ಹೋಯ್ತು.

ಬೇಜಾರಾಗಿದ್ದು ಒಂದೇ. ಒಬ್ಬ ಸ್ಟಂಟ್ ಹುಡುಗ ಮೇಲಿನ ಅಟ್ಟದಿಂದ ಡಬ್ಬಗಳ ಮೇಲೆ ಬೀಳೋ ಶಾಟ್ ಇತ್ತು, ಮೂರು ಟೇಕ್, ಮೂರನೇದರಲ್ಲಿ ಮೊಣಕೈ ತರಚಿಕೊಂಡಿದ್ದ. ಹೊಸ ಕಟ್‌ನಲ್ಲಿ ಅದಕ್ಕೆ ಜಾಗ ಇರ್ಲಿಲ್ಲ. ಫೈಟ್ ಮಾಸ್ಟರ್ ಹತ್ರ ನಂಬರ್ ಇಸ್ಕೊಂಡು ನಾನೇ ಫೋನ್ ಮಾಡಿ ಹೇಳ್ದೆ, ನಿನ್ನ ಶಾಟ್ ತೆಗೆದಿದೀನಿ, ಯಾಕೆ ಅಂತ ಬಂದ್ರೆ ತೋರಿಸ್ತೀನಿ ಅಂತ. ಭಾನುವಾರ ಬಂದ. ಸೀನ್ ಪೂರ್ತಿ ನೋಡಿ, "ಆ ಪಕ್ಕದಲ್ಲಿ ನಿಂತು ನೋಡ್ತಿರೋನೂ ನಾನೇ ಅಣ್ಣ" ಅಂದ.