ಬೆಂಚ್ ಮೇಲೆ ಕೂತ ಹುಡುಗನನ್ನು ನೋಡುವ ಕೋಚ್

ಊರಲ್ಲಿ ಮಗ ಆಟ ಅಂತ ಹೊರಟರೆ ‘ಓದಿನ ಗತಿ ಏನು?’ ಅಂತ ಕೇಳುತ್ತೇವೆ. ಅಮೆರಿಕದಲ್ಲಿ ಇವೆರಡೂ ಒಂದೇ ಕಾಲೇಜಿನಲ್ಲಿ, ಒಂದೇ ಸ್ಕಾಲರ್‌ಶಿಪ್‌ನಲ್ಲಿ ನಡೆಯುತ್ತವೆ. ಒಳ್ಳೆ ಆಟಗಾರ ಹೈಸ್ಕೂಲ್‌ನಲ್ಲಿ ಇರುವಾಗಲೇ, ಸಂಬಂಧ ಕುದುರಿಸಲು ಬಂದವರ ಹಾಗೆ, ಕಾಲೇಜ್ ಕೋಚ್‌ಗಳು ಮನೆಗೆ ಬಂದು ಅಪ್ಪ ಅಮ್ಮನ ಜೊತೆ ಕೂತು ಮಾತಾಡುತ್ತಾರೆ.

ನಾವಿರುವ, ನಾರ್ತ್ ಕೆರೊಲೈನಾ ರಾಜ್ಯದ ಚಾರ್ಲೊಟ್‌ನಿಂದ ಸ್ವಲ್ಪ ಉತ್ತರಕ್ಕೆ ಡೇವಿಡ್‌ಸನ್ ಕಾಲೇಜ್ ಇದೆ. ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಪುಟ್ಟ ಕಾಲೇಜು. ಪರೀಕ್ಷೆಗೆ ಮೇಲ್ವಿಚಾರಕರೇ ಇರುವುದಿಲ್ಲ, ಕಾಪಿ ಹೊಡೆಯುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಡೆಯುತ್ತದೆ. ಇಂಥ ಕಡೆ ಬರೀ ಎತ್ತರ ನೋಡಿ ಹುಡುಗನನ್ನು ತಂದರೆ ಆಗುತ್ತಾ?

ಬಾಬ್ ಮೆಕಿಲಪ್ 1989ರಿಂದ 2022ರವರೆಗೆ ಇಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. ಒಮ್ಮೆ ಲಾಸ್ ವೇಗಸ್‌ನಲ್ಲಿ ಒಬ್ಬ ಸಣಕಲು ಹುಡುಗನ ಆಟ ನೋಡಲು ಹೋದರು. ಅವತ್ತು ಅವನ ಆಟ ಪೂರ್ತಿ ಕೆಟ್ಟಿತ್ತು. ಪಾಸ್ ಕೊಟ್ಟರೆ ಚೆಂಡು ಪ್ರೇಕ್ಷಕರ ಕಡೆ ಹೋಗುತ್ತಿತ್ತು, ಹೊಡೆದದ್ದು ಬುಟ್ಟಿಗೆ ಬೀಳುತ್ತಿರಲಿಲ್ಲ. ಆದರೆ ಹುಡುಗ ರೆಫರಿ ಮೇಲೆ ಕೂಗಾಡಲಿಲ್ಲ, ಜೊತೆಯವರನ್ನು ದೂರಲಿಲ್ಲ. ಬೆಂಚ್‌ಗೆ ಕಳಿಸಿದಾಗ ಅಲ್ಲಿಂದಲೇ ತಂಡಕ್ಕೆ ಚಪ್ಪಾಳೆ ತಟ್ಟಿದ. ತನ್ನ ಕೋಚ್ ಹೇಳಿದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. ಮೆಕಿಲಪ್ ಅವನೇ ಬೇಕು ಅಂತ ತೀರ್ಮಾನಿಸಿದ್ದು ಅವತ್ತೇ. ಆ ಹುಡುಗ ಸ್ಟೆಫ್ ಕರಿ. ಅಪ್ಪ ಎನ್‌ಬಿಎ ಅನ್ನುವ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಆಟಗಾರನಾಗಿದ್ದರೂ ದೊಡ್ಡ ಕಾಲೇಜುಗಳು ಈ ಸಣಕಲನಿಗೆ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದಿರಲಿಲ್ಲ.

2006ರಲ್ಲಿ ಕಾಲೇಜಿನ ಮೊದಲ ಪಂದ್ಯದಲ್ಲೇ ಕರಿ 13 ಸಲ ಚೆಂಡು ಕಳೆದುಕೊಂಡ. ಕೋಚ್ ಕೈಬಿಡಲಿಲ್ಲ. ಮುಂದಿನ ಪಂದ್ಯದಲ್ಲಿ ಮಿಶಿಗನ್ ಎದುರು 32 ಪಾಯಿಂಟ್. 2008ರ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಈ ಪುಟ್ಟ ಕಾಲೇಜು ಗೊಂಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್‌ಗಳನ್ನು ಮಣಿಸಿ ದೇಶದ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಕ್ಯಾನ್ಸಸ್ ಎದುರು ಸೋತದ್ದು 59-57ರಲ್ಲಿ, ಬರೀ ಎರಡು ಪಾಯಿಂಟ್. ಆ ವರ್ಷ ಕಪ್ ಗೆದ್ದದ್ದೂ ಕ್ಯಾನ್ಸಸ್ಸೇ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಆಮೇಲಿನ ಕತೆ. ಕರಿ 2009ರಲ್ಲಿ ಡಿಗ್ರಿ ಮುಗಿಸದೇ ಎನ್‌ಬಿಎಗೆ ಹೋದ. ಅಲ್ಲಿ ಚಾಂಪಿಯನ್ ಆದ, ಲೋಕವೇ ಅವನನ್ನು ಹೊಗಳಿತು. ಆದರೂ ಡೇವಿಡ್‌ಸನ್ ಅವನ 30ನೇ ನಂಬರ್ ಜೆರ್ಸಿಗೆ ನಿವೃತ್ತಿ ಗೌರವ, ಅಂದರೆ ಆ ನಂಬರನ್ನು ಬೇರೆ ಯಾರಿಗೂ ಕೊಡದೆ ಎತ್ತಿಡುವ ಗೌರವ, ಕೊಡಲಿಲ್ಲ. ಪದವಿ ಮುಗಿಸಿದವರಿಗೆ ಮಾತ್ರ ಅಂತ ಅಲ್ಲಿನ ನಿಯಮ. ಎಂಥಾ ಹಟ, ಅಲ್ವಾ? ಕರಿ ಬಾಕಿ ಉಳಿದದ್ದನ್ನು ಓದಿ ಮುಗಿಸಿ 2022ರಲ್ಲಿ ಸೋಶಿಯಾಲಜಿ ಪದವಿ ಪಡೆದ. ಆ ಆಗಸ್ಟ್‌ನಲ್ಲಿ ಪದವಿ ಪ್ರದಾನ, ಜೆರ್ಸಿ ಗೌರವ ಎರಡೂ ಒಂದೇ ದಿನ ನಡೆದವು.

ಈಗ ಕಾಲ ಬೇರೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, ಕಾಲೇಜು ಬದಲಿಸಿದ ತಕ್ಷಣ ಆಡಲೂಬಹುದು. ದುಡ್ಡು ಸಿಗುವುದು ನ್ಯಾಯವೇ, ಬೆವರು ಅವರದು ತಾನೇ. ಆದರೆ ಹುಡುಗನನ್ನು ನಾಲ್ಕು ವರ್ಷ ತಿದ್ದಿ ಬೆಳೆಸೋಣ ಅನ್ನುವ ಕೋಚ್‌ಗೆ ಇದು ಕಷ್ಟ. ಇದ್ದ ಹುಡುಗರನ್ನೇ ಪ್ರತಿ ವಸಂತದಲ್ಲೂ ಮತ್ತೆ ಒಲಿಸಿಕೊಳ್ಳಬೇಕು. ಡೇವಿಡ್‌ಸನ್ ಕೂಡ 2025ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ತಂಡ ಕಟ್ಟುವ ವ್ಯವಹಾರ ನೋಡಿಕೊಳ್ಳಲು ಜನರಲ್ ಮ್ಯಾನೇಜರ್ ಒಬ್ಬರನ್ನು ನೇಮಿಸಿತು. ಅಸಿಸ್ಟೆಂಟ್ ಜನರಲ್ ಮ್ಯಾನೇಜರ್ ಯಾರು ಗೊತ್ತಾ? ಸ್ಟೆಫ್ ಕರಿ.